ಪೇಟೆಯಲ್ಲಿ ನಡೆದು ನಕ್ಷೆ ಬರೆಯುವುದು: ಚಿತ್ರಕಲಾ ಶಿಕ್ಷಕರ ತರಬೇತಿಗೆ ಮೂರು ವಾರಗಳ ಪಾಠಕ್ರಮ

ಚಿತ್ರಕಲಾ ಶಿಕ್ಷಕರ ತರಬೇತಿಗೆ ಬಂದವರ ಕೈಗೆ ಮೊದಲ ದಿನ ಒಂದು ಹಾಳೆ ಕೊಟ್ಟು ‘ನೀವು ಬೆಳೆದ ಜಾಗವನ್ನು ಬರೆಯಿರಿ’ ಎಂದರೆ, ಬಹುಪಾಲು ಹಾಳೆಗಳಲ್ಲಿ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಬಾಗಿದ ತೆಂಗಿನಮರ ಮತ್ತು ಹುಲ್ಲಿನ ಗುಡಿಸಲು ಮೂಡುತ್ತವೆ. ಬರೆದವರಲ್ಲಿ ಶ್ರೀರಾಮಪುರದ ಗಲ್ಲಿಯಲ್ಲಿ, ಯಶವಂತಪುರದ ವಠಾರದಲ್ಲಿ ಹುಟ್ಟಿ ಬೆಳೆದವರೂ ಇರುತ್ತಾರೆ. ಅವರಿಗೆ ಕೈ ಪಳಗಿಲ್ಲವೆಂದಲ್ಲ. ಚಿತ್ರಕಲೆಯ ಲೋಯರ್, ಹೈಯರ್ ಎರಡೂ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿದ ಕೈಗಳವು. ಆದರೆ ಕಣ್ಣು ಮಾತ್ರ ಬೇರೆಯವರು ಬರೆದ ಚಿತ್ರಗಳನ್ನೇ ನೋಡಿ ನೋಡಿ, ಕಾಲಡಿಯ ನೆಲವನ್ನು ನೋಡುವುದನ್ನು ಬಿಟ್ಟಿರುತ್ತದೆ. ಇದೇ ಕಣ್ಣನ್ನು ಹೊತ್ತು ಅವರು ನಾಳೆ ಆರನೆಯ ತರಗತಿಗೆ ಹೋದರೆ, ಅಲ್ಲಿನ ಮಕ್ಕಳೂ ಅದೇ ಎರಡು ಗುಡ್ಡಗಳನ್ನು ಬರೆಯುತ್ತಾರೆ.

ಈ ಅಭ್ಯಾಸವನ್ನು ಬಿಡಿಸಲು ನಾನು ಹಲವು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮವನ್ನು, ಇತರ ತರಬೇತುದಾರರು ತಮ್ಮ ಊರಿನಲ್ಲಿ ನಡೆಸಲು ಅನುಕೂಲವಾಗುವಂತೆ ಇಲ್ಲಿ ವಿವರಿಸಿದ್ದೇನೆ. ಪ್ರಶಿಕ್ಷಣಾರ್ಥಿಗಳನ್ನು ಊರಿನ ಒಂದು ಹಳೆಯ ಭಾಗದಲ್ಲಿ ನಡೆಸುವುದು, ನಡೆದದ್ದನ್ನು ಅವರವರ ನಕ್ಷೆಯಾಗಿ ಬರೆಸುವುದು, ಆ ನಕ್ಷೆಯಿಂದ ಶಾಲೆಯ ಪಾಠವೊಂದನ್ನು ಕಟ್ಟಿಸುವುದು ಇದರ ಸಾರ. ಉದಾಹರಣೆಗೆ ಬೆಂಗಳೂರಿನ ಪೇಟೆಯನ್ನು ಇಟ್ಟುಕೊಂಡಿದ್ದೇನೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿಯೂ, ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿಯೂ ಇದೇ ಕ್ರಮ ನಡೆಯುತ್ತದೆ.

ಪೇಟೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ, ನೇಗಿಲು ಎಳೆದ ಸಾಲುಗಳನ್ನೇ ಬೀದಿಗಳನ್ನಾಗಿ ಮಾಡಿ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದರೆಂಬ ಐತಿಹ್ಯವನ್ನು ಬೆಂಗಳೂರಿನವರು ಚಿಕ್ಕಂದಿನಿಂದ ಕೇಳಿರುತ್ತಾರೆ. ಕಾಗದದ ಮೇಲೆ ಬರುವುದಕ್ಕೆ ಮೊದಲು ಈ ಊರಿನ ನಕ್ಷೆ ನಡಿಗೆಯಿಂದಲೇ ನೆಲದ ಮೇಲೆ ಮೂಡಿತೆಂದು ಆ ಐತಿಹ್ಯ ಹೇಳುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು, ಪೇಟೆಯ ಬೀದಿಗಳಲ್ಲಿ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವ ಕರಗವೂ ನಡೆದೇ ಉಳಿಸಿಕೊಂಡು ಬಂದ ನಕ್ಷೆ. ನಡಿಗೆ ಮತ್ತು ನಕ್ಷೆಗಳ ಸಂಬಂಧವನ್ನು ಹೊರಗಿನಿಂದ ತಂದು ಬೋಧಿಸಬೇಕಾದ ಅಗತ್ಯ ಇಲ್ಲಿಲ್ಲ.

ಮೊದಲ ತರಗತಿ: ನೆನಪಿನ ನಕ್ಷೆ

ಬೀದಿಗೆ ಇಳಿಯುವ ಮುನ್ನ ಒಂದು ಪೂರ್ಣ ತರಗತಿಯನ್ನು ಒಳಗೇ ಕಳೆಯಬೇಕು. ಇಪ್ಪತ್ತು ಜನರ ತಂಡವಿದ್ದರೆ ಪ್ರತಿಯೊಬ್ಬರಿಗೂ ಒಂದು ಎ3 ಹಾಳೆ ಮತ್ತು 4ಬಿ ಪೆನ್ಸಿಲ್ ಕೊಡಿ, ರಬ್ಬರ್ ಕೊಡಬೇಡಿ. ಮನೆಯಿಂದ ತರಬೇತಿ ಸಂಸ್ಥೆಗೆ ಆ ದಿನ ಬಂದ ದಾರಿಯನ್ನು ಮೊಬೈಲ್ ನೋಡದೆ ಇಪ್ಪತ್ತೈದು ನಿಮಿಷದಲ್ಲಿ ಬರೆಯಲು ಹೇಳಿ. ಬರೆದು ಮುಗಿಸಿದ ಮೇಲೆ ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿ, ಸುತ್ತ ನಿಂತು ನೋಡಿ. ಬಸ್ಸಿನಲ್ಲಿ ಬಂದವರ ನಕ್ಷೆಯಲ್ಲಿ ನಿಲ್ದಾಣಗಳ ನಡುವಿನ ಊರೇ ಇರುವುದಿಲ್ಲ. ಮೆಟ್ರೋದಲ್ಲಿ ಬಂದವರದು ನೇರವಾದ ಒಂದು ಗೆರೆ. ನಡೆದು ಬಂದವರ ಹಾಳೆಯಲ್ಲಿ ಮಾತ್ರ ಹೂವು ಮಾರುವವರು, ನಾಯಿ, ಮುಚ್ಚಳವಿಲ್ಲದ ಮೋರಿ, ನೆರಳು ಕೊಡುವ ಮರ ಕಾಣಿಸಿಕೊಳ್ಳುತ್ತವೆ. ನಡಿಗೆ ಏಕೆ ಬೇಕೆಂದು ಇದಾದ ಮೇಲೆ ನೀವು ಭಾಷಣ ಮಾಡಬೇಕಾಗಿಲ್ಲ.

ಅದೇ ತರಗತಿಯ ಕೊನೆಯ ಅರ್ಧ ಗಂಟೆಯಲ್ಲಿ ನಕ್ಷೆಯ ಬಗೆಗಳನ್ನು ತೋರಿಸಿ. ನಾನು ಮೂರನ್ನು ತಪ್ಪದೆ ಇಡುತ್ತೇನೆ. ಒಂದು, 1791ರಲ್ಲಿ ಬ್ರಿಟಿಷ್ ಸೇನೆ ಬೆಂಗಳೂರನ್ನು ಮುತ್ತಿದಾಗ ಕ್ಲಾಡ್ ಮಾರ್ಟಿನ್ ತಯಾರಿಸಿದ ನಕ್ಷೆ. ಅದರಲ್ಲಿ ಮೊಟ್ಟೆಯಾಕಾರದ ಕೋಟೆ, ಅದರ ಉತ್ತರಕ್ಕೆ ಪೇಟೆ, ದಾಳಿಯ ಜಾಗಗಳು ಸ್ಪಷ್ಟವಾಗಿವೆ, ಏಕೆಂದರೆ ಅದು ಸೇನೆಯ ಅಗತ್ಯಕ್ಕಾಗಿ ಹುಟ್ಟಿದ್ದು. ಎರಡು, ಯಾವುದಾದರೂ ಹಳ್ಳಿಯ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಸರ್ವೆ ನಂಬರು, ಕೆರೆ, ಬಂಡಿದಾರಿ, ಕಾಲುದಾರಿಗಳನ್ನು ಅದು ಬಿಡುವುದಿಲ್ಲ, ಆದರೆ ಊರಿನ ಬೇವಿನಮರ ಅದಕ್ಕೆ ಬೇಕಾಗಿಲ್ಲ. ಮೂರು, ಯಾರದಾದರೂ ಮನೆಯ ಕ್ರಯಪತ್ರದಲ್ಲಿರುವ ಚಕ್ಕುಬಂದಿ, ಹೆಸರುಗಳನ್ನು ಮರೆಮಾಡಿ. ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಓಣಿ’ ಎಂದು ಒಂದೂ ಗೆರೆಯಿಲ್ಲದೆ ಜಾಗವನ್ನು ಕಣ್ಣಿಗೆ ಕಟ್ಟುವ ಆ ನಾಲ್ಕು ಸಾಲುಗಳು, ಮೂಡಲು ತೆಂಕಲು ಪಡುವಲು ಬಡಗಲು ಎಂದು ದಾನದ ಭೂಮಿಯ ಎಲ್ಲೆ ಹೇಳುವ ನಮ್ಮ ಹಳೆಯ ಶಾಸನಗಳ ವಂಶಕ್ಕೆ ಸೇರಿದವು. ಯಾರು, ಯಾರಿಗಾಗಿ, ಏನನ್ನು ಬಿಟ್ಟು ಬರೆದರು ಎಂಬ ಪ್ರಶ್ನೆಯನ್ನು ಈ ಮೂರರ ಮೇಲೂ ಕೇಳಿಸಿ. ಮುಂದಿನ ಮೂರು ವಾರ ಇದೊಂದೇ ಪ್ರಶ್ನೆ ಅವರ ಜೊತೆಗಿರಬೇಕು.

ಹೆಜ್ಜೆಯನ್ನು ಅಳತೆಗೋಲು ಮಾಡಿಕೊಳ್ಳುವುದು

ಇದಕ್ಕೆ ಒಂದು ಗಂಟೆ ಸಾಕು. ಸಂಸ್ಥೆಯ ಅಂಗಳದಲ್ಲಿ ಟೇಪು ಹಿಡಿದು 30 ಮೀಟರ್ ಗುರುತಿಸಿ, ಪ್ರತಿಯೊಬ್ಬರೂ ತಮ್ಮ ಸಹಜ ನಡಿಗೆಯಲ್ಲಿ ಅದನ್ನು ಮೂರು ಬಾರಿ ನಡೆದು ಹೆಜ್ಜೆ ಎಣಿಸಲಿ. ಸರಾಸರಿ 42 ಹೆಜ್ಜೆ ಬಂದರೆ ಒಂದು ಹೆಜ್ಜೆ ಸುಮಾರು 71 ಸೆಂಟಿಮೀಟರ್ ಆಯಿತು. ನಕ್ಷೆಯ ಪ್ರಮಾಣವನ್ನು 1:2000 ಎಂದು ಇಟ್ಟುಕೊಂಡರೆ ಹಾಳೆಯ ಒಂದು ಸೆಂಟಿಮೀಟರ್ ನೆಲದ 20 ಮೀಟರಿಗೆ ಸಮ. ಅಂದರೆ ಆ ವ್ಯಕ್ತಿಗೆ 28 ಹೆಜ್ಜೆಗೆ ಒಂದು ಸೆಂಟಿಮೀಟರ್. ಎ3 ಹಾಳೆಯ ಉದ್ದ 42 ಸೆಂಟಿಮೀಟರ್ ಆದ್ದರಿಂದ ಈ ಪ್ರಮಾಣದಲ್ಲಿ ಅದು ಸುಮಾರು 840 ಮೀಟರ್ ಹಿಡಿಯುತ್ತದೆ. ಹಳೆಯ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಇರುವುದರಿಂದ ಅದಕ್ಕೆ ಎರಡು ಹಾಳೆಗಳನ್ನು ಅಂಟಿಸಿಕೊಳ್ಳಬೇಕು.

ಬ್ರಿಟಿಷ್ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಎಳೆದು ಸರ್ವೆಯ ಲೆಕ್ಕಕ್ಕೆ ಬುಡವಾಗುವ ಆಧಾರರೇಖೆ ಅಳೆದದ್ದನ್ನು ಇಲ್ಲಿ ಹೇಳಿದರೆ ತರಗತಿಗೆ ಜೀವ ಬರುತ್ತದೆ. ಆದರೆ ಹೆಜ್ಜೆಯ ಲೆಕ್ಕ ಸರಪಳಿಯಷ್ಟು ನಿಖರವಲ್ಲ ಎಂಬುದನ್ನು ಕೊರತೆಯೆಂದು ಹೇಳಬೇಡಿ. ಜನಸಂದಣಿಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಏರಿನಲ್ಲಿ ಇನ್ನೂ ಚಿಕ್ಕದಾಗುತ್ತದೆ, ಸೀರೆ ಉಟ್ಟವರ ಹೆಜ್ಜೆ ಬೇರೆ, ಕೋಲು ಊರಿ ನಡೆಯುವವರ ಹೆಜ್ಜೆ ಬೇರೆ. ಒಂದೇ ಬೀದಿ ಇಪ್ಪತ್ತು ಜನರಿಗೆ ಇಪ್ಪತ್ತು ಉದ್ದವಾಗಿ ಕಂಡರೆ ಆ ವ್ಯತ್ಯಾಸವೇ ಮುಂದೆ ನಕ್ಷೆಯ ವಿಷಯವಾಗುತ್ತದೆ.

ಮೊದಲ ನಡಿಗೆ: ಬರೆಯದೆ ನೋಡುವುದು

ಮೊದಲ ವಾರದ ಕೊನೆಯಲ್ಲಿ, ವಾರದ ದಿನವೊಂದರ ಬೆಳಿಗ್ಗೆ ಏಳು ಗಂಟೆಗೆ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಸೇರಿ. ಅಲ್ಲಿಂದ ನಗರ್ತಪೇಟೆ, ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆಗಳನ್ನು ಹಾದು ಕಾಟನ್‌ಪೇಟೆಯ ದರ್ಗಾದವರೆಗಿನ ದಾರಿ ಎರಡು ಕಿಲೋಮೀಟರಿನ ಆಸುಪಾಸಿನದು; ಅದನ್ನು ಎರಡು ಗಂಟೆಯಲ್ಲಿ ನಡೆಯಬೇಕು. ನಿಧಾನವಾಗಿ ನಡೆಯುವುದು ಹೇಳುವಷ್ಟು ಸುಲಭವಲ್ಲ. ನಾಲ್ಕು ಜನರ ಐದು ಗುಂಪುಗಳಾಗಿ, ಐದೈದು ನಿಮಿಷ ಬಿಟ್ಟು ಹೊರಡಿಸಿ. ಇಪ್ಪತ್ತು ಜನ ಒಟ್ಟಿಗೆ ಹೋದರೆ ಅದು ಮೆರವಣಿಗೆಯಾಗುತ್ತದೆ, ಬೀದಿ ತನ್ನ ಕೆಲಸ ನಿಲ್ಲಿಸಿ ನಿಮ್ಮನ್ನು ನೋಡುತ್ತದೆ.

ಈ ನಡಿಗೆಯಲ್ಲಿ ಯಾರೂ ಏನನ್ನೂ ಬರೆಯಬಾರದು, ಫೋಟೋ ತೆಗೆಯಬಾರದು. ಕೈಯಲ್ಲಿ ಒಂದು ಗಜ ಉದ್ದದ ಹುರಿ ಮಾತ್ರ ಇರಲಿ. ನಿಲ್ಲಬೇಕೆನಿಸಿದ ಕಡೆಯಲ್ಲೆಲ್ಲ ಅದಕ್ಕೆ ಒಂದು ಗಂಟು ಹಾಕಲಿ. ನಿಂತ ಕಾರಣ ಬಲವಾಗಿದ್ದರೆ ದೊಡ್ಡ ಗಂಟು, ಸಣ್ಣದಾಗಿದ್ದರೆ ಚಿಕ್ಕ ಗಂಟು. ಮುಗಿದ ಮೇಲೆ ಚಹಾ ಕುಡಿಯುತ್ತಾ ಪ್ರತಿಯೊಬ್ಬರೂ ತಮ್ಮ ಹುರಿಯನ್ನು ಬೆರಳಿನಿಂದ ಓದಿ ಹೇಳಲಿ. ಕಾಗದವಿಲ್ಲದೆಯೂ ನಕ್ಷೆ ಇರಬಹುದೆಂಬುದು ಆಗ ಕೈಗೆ ತಾಕುತ್ತದೆ.

ನನ್ನ ಆರಂಭದ ವರ್ಷಗಳ ತಪ್ಪೊಂದನ್ನು ಇಲ್ಲಿ ಹೇಳಬೇಕು. ಯಾರೂ ದಾರಿ ತಪ್ಪದಿರಲಿ ಎಂದು ಹೊರಡುವ ಮೊದಲೇ ಎಲ್ಲರಿಗೂ ಅಚ್ಚಾದ ಬೀದಿನಕ್ಷೆಯ ಪ್ರತಿ ಕೊಟ್ಟಿದ್ದೆ. ಹಿಂದಿರುಗಿ ಬಂದು ಅವರು ಬರೆದದ್ದೆಲ್ಲ ಅದೇ ನಕ್ಷೆಯ ನಕಲು; ಬಣ್ಣ ಬೇರೆ, ಗೆರೆ ಒಂದೇ. ಆ ಹಾಳೆಗಳನ್ನು ನೋಡಿದಾಗ ಆದ ಬೇಸರ ನನಗೆ ಇಂದಿಗೂ ನೆನಪಿದೆ, ಏಕೆಂದರೆ ಎರಡು ಗುಡ್ಡಗಳ ಬದಲಿಗೆ ಮತ್ತೊಂದು ಸಿದ್ಧಚಿತ್ರವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ. ಅಂದಿನಿಂದ ಅಚ್ಚಿನ ನಕ್ಷೆ ಮತ್ತು ಮೊಬೈಲಿನ ನಕ್ಷೆ ಎರಡೂ ಕೊನೆಯ ವಾರದಲ್ಲಿ, ಹೋಲಿಕೆಗಾಗಿ ಮಾತ್ರ ಬರುತ್ತವೆ. ದಾರಿ ತಪ್ಪಿದವರು ಅಂಗಡಿಯವರನ್ನು ಕೇಳಲಿ. ‘ಮುಂದೆ ಹೋಗಿ, ಎಡಕ್ಕೆ ದೇವಸ್ಥಾನ ಸಿಗುತ್ತೆ, ಅಲ್ಲಿ ಬಲಕ್ಕೆ ತಿರುಗಿ’ ಎಂದು ಅವರು ಹೇಳುವ ಮಾತೂ ನಕ್ಷೆಯೇ. ಅದನ್ನು ಹೇಳಿದ ಹಾಗೆಯೇ ನೆನಪಿಟ್ಟುಕೊಂಡು ಬರುವಂತೆ ತಿಳಿಸಿ.

ಎರಡನೆಯ ಮತ್ತು ಮೂರನೆಯ ನಡಿಗೆ: ಒಂದೇ ಪ್ರಶ್ನೆ ಹಿಡಿದು ಹೋಗುವುದು

ಎರಡನೆಯ ವಾರದಲ್ಲಿ ಎರಡು ನಡಿಗೆಗಳಿರಲಿ, ಒಂದು ಬೆಳಿಗ್ಗೆ, ಇನ್ನೊಂದು ಹನ್ನೊಂದು ಗಂಟೆಯ ನಂತರ ವ್ಯಾಪಾರ ಏರಿದಾಗ. ಈಗ ಪ್ರತಿಯೊಬ್ಬರೂ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದಕ್ಕೆ ಉತ್ತರವಾಗುವುದನ್ನು ಮಾತ್ರ ದಾಖಲಿಸಬೇಕು. ಎಲ್ಲವನ್ನೂ ಬರೆಯಲು ಹೊರಟವರ ನಕ್ಷೆಯಲ್ಲಿ ಏನೂ ಕಾಣುವುದಿಲ್ಲ ಎಂಬುದು ನನ್ನ ಅನುಭವ.

ಪ್ರಶ್ನೆಗಳನ್ನು ನೀವೇ ಹಂಚಬೇಡಿ, ಆದರೆ ಕೆಲವನ್ನು ಮಾದರಿಗೆ ಹೇಳಬಹುದು. ಪೇಟೆಗಳ ಹೆಸರಿಗೂ ಇಂದಿನ ವ್ಯಾಪಾರಕ್ಕೂ ಏನು ನಂಟು ಉಳಿದಿದೆ? ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ ಎಂಬ ಹೆಸರುಗಳೇ ಒಂದು ಕಾಲದ ಕಸುಬುಗಳ ನಕ್ಷೆ. ಇಂದು ಅಲ್ಲಿ ಏನು ಮಾರಾಟವಾಗುತ್ತಿದೆ ಎಂದು ಅಂಗಡಿ ಅಂಗಡಿ ನೋಡಿ ಗುರುತಿಸಿದರೆ ಎರಡು ಕಾಲಗಳು ಒಂದರ ಮೇಲೊಂದು ಕೂರುತ್ತವೆ. ಟ್ರೇಸಿಂಗ್ ಹಾಳೆಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಅಕ್ಕಿಪೇಟೆಗೆ ಹೋದವರು ಔಷಧಿಗಳ ಸಗಟು ಅಂಗಡಿಗಳನ್ನು ಕಂಡು ಬರುತ್ತಾರೆ. ಬಳೇಪೇಟೆಗೆ ಹೋದವರು ವಾದ್ಯಗಳ ಅಂಗಡಿಗಳಿಂದ ಬರುವ ಸದ್ದನ್ನು ಹಿಡಿದು ಶಬ್ದದ ನಕ್ಷೆ ಮಾಡಬಹುದು. ವಾಸನೆಯ ನಕ್ಷೆಯನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ನಸುಕಿನಲ್ಲಿ ಮಾಡಬೇಕು, ಹೂವಿನ ವ್ಯಾಪಾರ ಅಲ್ಲಿ ಸೂರ್ಯನಿಗಿಂತ ಮೊದಲೇ ಏಳುತ್ತದೆ. ಇಲ್ಲದ ನೀರಿನ ನಕ್ಷೆಯೂ ಸಾಧ್ಯ: ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಮಳೆ ಬಂದಾಗ ನೀರು ಯಾವ ಕಡೆಗೆ ಹರಿಯುತ್ತದೆಂದು ನಡೆದವರ ಮೊಣಕಾಲೇ ಇಳಿಜಾರನ್ನು ತಿಳಿಸುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ಎರಡು ನಕ್ಷೆಗಳನ್ನು ಇಲ್ಲಿ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ದಾರಿಯುದ್ದಕ್ಕೂ ಹೆಣ್ಣೊಬ್ಬಳು ಏನನ್ನೂ ಕೊಳ್ಳದೆ, ಯಾರೂ ಏಳಿಸದೆ, ಹತ್ತು ನಿಮಿಷ ಕುಳಿತುಕೊಳ್ಳಬಹುದಾದ ಜಾಗಗಳನ್ನು ಮಾತ್ರ ಗುರುತಿಸಿದಳು. ಅಷ್ಟು ಉದ್ದದ ಹಾಳೆಯಲ್ಲಿ ಬಿದ್ದದ್ದು ಆರು ಚುಕ್ಕೆ, ಅವುಗಳಲ್ಲಿ ಹೆಚ್ಚಿನವು ಗುಡಿಯ ಜಗಲಿಗಳು. ಇನ್ನೊಬ್ಬ ವಿದ್ಯಾರ್ಥಿ ಮೂಟೆ ಹೊರುವ ಹಮಾಲರು ಮತ್ತು ತಳ್ಳುಗಾಡಿಯವರು ಹೊರೆ ಇಳಿಸಿ ಉಸಿರು ತೆಗೆದುಕೊಳ್ಳುವ ಕಡೆಗಳನ್ನು ಹಿಡಿದುಕೊಂಡ. ಅವರ ದಾರಿ ನಮ್ಮ ದಾರಿಗಿಂತ ಬೇರೆಯಾಗಿತ್ತು, ಏಕೆಂದರೆ ಗಾಡಿಯ ಚಕ್ರ ಎತ್ತರದ ಅಂಚನ್ನು ಹತ್ತುವುದಿಲ್ಲ. ಈ ಇಬ್ಬರೂ ಡ್ರಾಯಿಂಗ್‌ನಲ್ಲಿ ತಂಡದ ಮುಂದಿನ ಸಾಲಿನವರಾಗಿರಲಿಲ್ಲ. ನಕ್ಷೆಯ ಅಭ್ಯಾಸ ಬೇಕಾಗುವುದು ಇಂಥ ಕಾರಣಕ್ಕೇ: ರೇಖೆಯ ಸೊಗಸಿಗಿಂತ ನೋಟದ ಆಯ್ಕೆ ಇಲ್ಲಿ ಮೊದಲು ತೂಗುತ್ತದೆ.

ದಾಖಲಿಸಲು ಉದ್ದನೆಯ ಕಾಗದವನ್ನು ಅಂಗೈ ಅಗಲಕ್ಕೆ ಮಡಿಸಿ ಮಾಡಿದ ಮಡಿಕೆ ಪುಸ್ತಕ ಅತ್ಯುತ್ತಮ. ನಡೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಾ ಹೋಗಬಹುದು. ದೊಡ್ಡ ಪ್ಯಾಡು ಹಿಡಿದು ಚಿಕ್ಕಪೇಟೆಯ ಓಣಿಯಲ್ಲಿ ನಿಂತರೆ ಹಿಂದಿನವರಿಗೆ ದಾರಿ ಇರುವುದಿಲ್ಲ.

ಬೀದಿಯಲ್ಲಿ ನಡೆದುಕೊಳ್ಳುವ ರೀತಿಯನ್ನು ಮೊದಲೇ ಖಚಿತಪಡಿಸಬೇಕು. ಯಾರ ಮುಖವನ್ನೂ ಕೇಳದೆ ಬರೆಯಬಾರದು. ಕೇಳುವಾಗ ‘ಅಣ್ಣಾ, ನಾವು ಡ್ರಾಯಿಂಗ್ ಮೇಷ್ಟ್ರಾಗೋಕೆ ಓದ್ತಾ ಇದ್ದೀವಿ, ನಿಮ್ಮ ಅಂಗಡಿ ಬರ್ಕೊಳ್ಳಲಾ?’ ಎಂದು ಸರಳವಾಗಿ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಬೇಡವೆಂದರೆ ಮರುಮಾತಿಲ್ಲದೆ ಮುಂದೆ ಹೋಗಬೇಕು. ಬರೆದ ಮೇಲೆ ಅವರಿಗೆ ತೋರಿಸಬೇಕು. ಹೊರೆ ಹೊತ್ತವರು ಬಂದಾಗ ಗೋಡೆಗೆ ಸರಿಯಬೇಕು. ಪ್ರತಿ ಗುಂಪಿನಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು ಇರಲಿ, ಒಬ್ಬರೇ ಇರುವಂತೆ ಆಗಬಾರದು. ನಡೆಯಲು ಕಷ್ಟವಿರುವವರು ತಂಡದಲ್ಲಿದ್ದರೆ ಅವರನ್ನು ತರಗತಿಯಲ್ಲಿ ಉಳಿಸದೆ, ಆ ಗುಂಪಿನ ದಾರಿಯನ್ನು ಅವರಿಂದಲೇ ಆರಿಸಿ. ಅವರು ಕಾಣುವ ಮೆಟ್ಟಿಲು, ಗುಂಡಿ, ಅಂಚುಗಳನ್ನು ಉಳಿದವರು ಕಂಡೇ ಇರುವುದಿಲ್ಲ.

ಹಾಳೆಯ ಮೇಲೆ ಇಳಿಸುವುದು

ಮೂರನೆಯ ವಾರ ಪೂರ್ತಿ ಇದಕ್ಕೆ ಬೇಕು. ಮೊದಲು ಹೆಜ್ಜೆಯ ಲೆಕ್ಕದಿಂದ ದಾರಿಯ ಬೆನ್ನೆಲುಬನ್ನು ತೆಳು ಗೆರೆಯಲ್ಲಿ ಎಳೆಯಲಿ. ಗುರುತುಗಳನ್ನು ಯೋಚಿಸಲು ಒಂದು ಹಳೆಯ ನೆರವಿದೆ: ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ, ಬಾಸ್ಟನ್ ಮೊದಲಾದ ನಗರಗಳ ನಿವಾಸಿಗಳನ್ನು ಮಾತನಾಡಿಸಿ, ಅವರಿಂದ ನೆನಪಿನ ನಕ್ಷೆ ಬರೆಸಿ, ಜನರ ಮನಸ್ಸಿನ ನಗರ ದಾರಿ, ಅಂಚು, ಪ್ರದೇಶ, ಕೂಡುಜಾಗ, ಹೆಗ್ಗುರುತು ಎಂಬ ಐದರಿಂದ ಆಗಿದೆಯೆಂದು ತೋರಿಸಿದರು. ಈ ಐದಕ್ಕೂ ತಮ್ಮದೇ ಚಿಹ್ನೆಗಳನ್ನು ಮಾಡಿಕೊಳ್ಳಲಿ, ಅಚ್ಚಿನ ನಕ್ಷೆಯ ಚಿಹ್ನೆಗಳನ್ನು ಎರವಲು ತರಬಾರದು. ರಂಗೋಲಿಯ ಚುಕ್ಕಿ, ಎಳೆ, ಸುಳಿಗಳು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತವೆ. ಚುಕ್ಕಿಗಳ ನಡುವೆ ಎಳೆಯನ್ನು ಸುತ್ತಿಸುವ ಕೈಗೆ ಬೀದಿಗಳ ನಡುವೆ ಗಲ್ಲಿಯನ್ನು ಸುತ್ತಿಸುವುದು ಹೊಸದೇನಲ್ಲ.

ಇದಾದ ಮೇಲೆ ಧೈರ್ಯ ಬೇಕಾದ ಕೆಲಸ. ಫ್ರಾನ್ಸಿನ ಚಿಂತಕ ಗೀ ದೆಬೋರ್ 1957ರಲ್ಲಿ ಪ್ಯಾರಿಸ್ಸಿನ ನಕ್ಷೆಯನ್ನು ತುಂಡುತುಂಡಾಗಿ ಕತ್ತರಿಸಿ, ತುಂಡುಗಳನ್ನು ಬಿಡಿಬಿಡಿಯಾಗಿ ಇಟ್ಟು, ನಡುವೆ ಬಾಣಗಳನ್ನು ಹಾಕಿ ಒಂದು ನಕ್ಷೆ ಮಾಡಿದರು. ಒಂದು ಜಾಗ ಇನ್ನೊಂದರ ಕಡೆಗೆ ಸೆಳೆಯುವ ರೀತಿಯನ್ನು ತೋರಿಸುವುದು ಅದರ ಉದ್ದೇಶವಾಗಿತ್ತು. ನಮ್ಮವರೂ ತಮ್ಮ ಅಳತೆಯ ನಕ್ಷೆಯ ನೆರಳಚ್ಚು ಪ್ರತಿಯೊಂದನ್ನು ಕತ್ತರಿಸಿ, ಮನಸ್ಸಿಗೆ ಅನಿಸಿದ ದೂರದಲ್ಲಿ ಮತ್ತೆ ಅಂಟಿಸಲಿ. ಬಿಸಿಲಿನಲ್ಲಿ ನಡೆದ ನೂರು ಮೀಟರ್ ಒಂದು ಗೇಣಾಗಬಹುದು, ಹಳೆಯ ಪುಸ್ತಕಗಳ ಅಂಗಡಿಗಳ ಮುಂದೆ ಕಳೆದ ಅರ್ಧ ಗಂಟೆ ಹಾಳೆಯ ಕಾಲು ಭಾಗವನ್ನು ನುಂಗಬಹುದು. ಅಳತೆಯ ನಕ್ಷೆ ಮತ್ತು ಅನುಭವದ ನಕ್ಷೆ ಎರಡನ್ನೂ ಪಕ್ಕಪಕ್ಕ ಇಡಬೇಕು; ಮೊದಲನೆಯದಿಲ್ಲದೆ ಎರಡನೆಯದು ಬರೀ ಅಲಂಕಾರವಾಗುವ ಅಪಾಯವಿದೆ, ಈ ವಿಷಯದಲ್ಲಿ ಸಡಿಲ ಬಿಡಬೇಡಿ.

ಅಂಕ ಕೊಡಲೇಬೇಕಾದ ಕಡೆ ನಾನು ಬಣ್ಣದ ಅಚ್ಚುಕಟ್ಟಿಗೆ ಕಡಿಮೆ ಅಂಕ ಇಟ್ಟು, ಮೂರು ಸಂಗತಿಗಳಿಗೆ ಹೆಚ್ಚು ಇಡುತ್ತೇನೆ: ಬೇರೊಬ್ಬರು ಆ ನಕ್ಷೆ ಹಿಡಿದು ದಾರಿಯ ಒಂದು ಭಾಗವನ್ನಾದರೂ ನಡೆಯಬಲ್ಲರೇ, ಆರಿಸಿಕೊಂಡ ಪ್ರಶ್ನೆಗೆ ನಕ್ಷೆ ಉತ್ತರ ಕೊಡುತ್ತದೆಯೇ, ಏನನ್ನು ಬಿಟ್ಟೆ ಮತ್ತು ಏಕೆ ಎಂದು ಬರೆದವರು ಹೇಳಬಲ್ಲರೇ. ಮೊದಲನೆಯದನ್ನು ಪರೀಕ್ಷಿಸಲು ನಕ್ಷೆಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಪೇಟೆಗೆ ಕಳುಹಿಸಿ.

ಶಾಲೆಯ ಪಾಠವಾಗಿ ಮಾರ್ಪಡಿಸುವುದು

ಇದನ್ನು ಬಿಟ್ಟರೆ ಮೇಲಿನದೆಲ್ಲ ಕಲಾವಿದರ ತರಬೇತಿಯಾಗುತ್ತದೆ, ಶಿಕ್ಷಕರ ತರಬೇತಿಯಾಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳೊಡನೆ ಬೆಸೆದು ಕಲಿಸಲು ಹೇಳುತ್ತದೆ. ನಕ್ಷೆಯಲ್ಲಿ ಗಣಿತದ ಪ್ರಮಾಣ, ಸಮಾಜ ವಿಜ್ಞಾನದ ದಿಕ್ಕು, ಕನ್ನಡದ ಊರಹೆಸರುಗಳು ತಾವಾಗಿಯೇ ಬಂದು ಸೇರುವುದರಿಂದ ಮುಖ್ಯ ಶಿಕ್ಷಕರನ್ನು ಒಪ್ಪಿಸಲು ಈ ಮಾತು ನೆರವಾಗುತ್ತದೆ.

ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ನಲವತ್ತು ನಿಮಿಷಗಳ ಮೂರು ಅವಧಿಗಳ ಪಾಠ ಯೋಜನೆ ಬರೆಯಬೇಕು. ಮಕ್ಕಳನ್ನು ಪೇಟೆಗೆ ಕರೆದೊಯ್ಯುವ ಯೋಚನೆ ಬೇಡ; ಶಾಲೆಯ ಕಾಂಪೌಂಡು, ಅಥವಾ ಮುಖ್ಯ ಶಿಕ್ಷಕರ ಲಿಖಿತ ಅನುಮತಿಯಿದ್ದರೆ ಶಾಲೆಯ ಎದುರಿನ ಒಂದು ಬೀದಿ ಸಾಕು. ಮೊದಲ ಅವಧಿಯಲ್ಲಿ ಹೆಜ್ಜೆಯ ಅಳತೆ, ಎರಡನೆಯದರಲ್ಲಿ ಹುರಿ ಹಿಡಿದ ನಡಿಗೆ, ಮೂರನೆಯದರಲ್ಲಿ ನಕ್ಷೆ. ಹಾಳೆ, ಬಣ್ಣಗಳಿಗೆ ದುಡ್ಡಿಲ್ಲದ ಶಾಲೆಯಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಸೀಮೆಸುಣ್ಣದಲ್ಲಿ ಅಥವಾ ರಂಗೋಲಿ ಪುಡಿಯಲ್ಲಿ ದೊಡ್ಡ ನಕ್ಷೆ ಬಿಡಿಸಿದರೆ, ಮಕ್ಕಳು ಅದರ ಮೇಲೆಯೇ ನಡೆದು ದಾರಿ ಹೇಳಬಹುದು. ಅಂಥ ನಕ್ಷೆಗಳೇ ನನಗೆ ಹೆಚ್ಚು ಮೆಚ್ಚಿಗೆಯಾದವು.

ಒಂದು ಎಚ್ಚರಿಕೆಯನ್ನು ಪಾಠ ಯೋಜನೆಯಲ್ಲಿ ಬರೆದೇ ಇಡಬೇಕು. ‘ನಿಮ್ಮ ಮನೆಯಿಂದ ಶಾಲೆಯವರೆಗೆ ಬರೆಯಿರಿ’ ಎಂಬ ಸೂಚನೆ ಎಲ್ಲ ಮಕ್ಕಳಿಗೂ ಹಿತವಾಗಿರುವುದಿಲ್ಲ. ಕಟ್ಟುತ್ತಿರುವ ಕಟ್ಟಡದ ಶೆಡ್ಡಿನಲ್ಲಿ ಮಲಗುವ ಮಗುವೂ, ಹಾಸ್ಟೆಲಿನಿಂದ ಬರುವ ಮಗುವೂ ತರಗತಿಯಲ್ಲಿರುತ್ತಾರೆ. ‘ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಎರಡು ಜಾಗಗಳ ನಡುವಿನ ದಾರಿ’ ಎಂದು ಹೇಳಿದರೆ ಆಯ್ಕೆ ಮಗುವಿನದಾಗುತ್ತದೆ. ಮನೆ ಗುರುತಿಸಿದ ನಕ್ಷೆಗಳನ್ನು ಗೋಡೆಗೆ ಹಚ್ಚಬಾರದು, ಮಗುವಿಗೇ ಹಿಂದಿರುಗಿಸಬೇಕು.

ಪ್ರಶಿಕ್ಷಣಾರ್ಥಿಗಳ ಮೂಲ ನಕ್ಷೆಗಳನ್ನು ಅವರವರಿಗೇ ಕೊಟ್ಟು, ಒಂದೊಂದು ಪ್ರತಿಯನ್ನು ದಿನಾಂಕ, ಹೊತ್ತು, ಹೆಜ್ಜೆಯ ಅಳತೆಗಳ ಸಹಿತ ಸಂಸ್ಥೆಯಲ್ಲಿ ಚಪ್ಪಟೆಯಾಗಿ, ಸುರುಳಿ ಸುತ್ತದೆ ಇಡಿ. ಮುಂದಿನ ವರ್ಷದ ತಂಡಕ್ಕೆ ಮೂರನೆಯ ವಾರದಲ್ಲಿ, ಅವರ ನಕ್ಷೆ ಮುಗಿದ ಮೇಲೆ ಅವನ್ನು ತೆಗೆದು ತೋರಿಸಿ. ಚಿಕ್ಕಪೇಟೆಯ ಮೆಟ್ರೋ ನಿಲ್ದಾಣ 2017ರಲ್ಲಿ ತೆರೆಯಿತು. ಅದಕ್ಕೆ ಮೊದಲಿನ ತಂಡಗಳ ನಕ್ಷೆಗಳಲ್ಲಿ ಎಲ್ಲರೂ ಬಸ್ಸಿಳಿದು ಮಾರುಕಟ್ಟೆಯ ಕಡೆಯಿಂದ ಪೇಟೆಯನ್ನು ಹೊಗುತ್ತಿದ್ದರು, ಆಮೇಲಿನವರ ನಕ್ಷೆಗಳಲ್ಲಿ ಪೇಟೆ ನೆಲದೊಳಗಿನ ಮೆಟ್ಟಿಲುಗಳಿಂದ ಆರಂಭವಾಗುತ್ತದೆ.